ಸಮುರಾಯನ ಮಧ್ಯಾಹ್ನದ ನಿದ್ದೆ

ಅಜ್ಜ ಸುಳ್ಳು ಹೇಳುತ್ತಿದ್ದಾನೆ ಎಂದು ಹನ್ನೆರಡು ವರ್ಷದ ಐಶ್ವರ್ಯ ಅಪ್ಪನ ಕೋಣೆಗೆ ನುಗ್ಗಿ ದೂರು ಕೊಟ್ಟಳು. ದೂರು ಇಂಗ್ಲಿಷಿನಲ್ಲಿತ್ತು. ಅಜ್ಜ ದಿನಾ ಅಜ್ಜಿಗೆ ಹೇಳುವ ಕಥೆ ಅವನು ಟಿವಿಯಲ್ಲಿ ನೋಡುವ ಅನಿಮೆಯಲ್ಲಿ, ಆ ಜಪಾನಿ ಕಾರ್ಟೂನಿನಲ್ಲಿ, ಇಲ್ಲವೇ ಇಲ್ಲವಂತೆ. ಆ ಸೋಮಾರಿ ಸಮುರಾಯ್‌ಗೆ ಮದುವೆಯೇ ಆಗಿಲ್ಲ, ಮಗಳು ಎಲ್ಲಿಂದ ಬಂದಳು?

ಈರೇಶ್ ನಕ್ಕುಬಿಟ್ಟ. ಶುಕ್ರವಾರ ಅವನಿಗೆ ಅಮೆರಿಕದ ಕ್ಯಾಂಟನ್‌ನ ಮನೆಯಿಂದಲೇ ಕೆಲಸ, ಡಿಯರ್‌ಬಾರ್ನ್‌ನ ಆಫೀಸಿನವರೆಗೆ ಡ್ರೈವ್ ಮಾಡುವ ಗೋಳಿಲ್ಲ. ಅವನ ಅಪ್ಪ ಪಂಚಾಕ್ಷರಿಗೆ ಇಂಗ್ಲಿಷೇ ಬಾರದು, ಇನ್ನು ಜಪಾನಿ ಭಾಷೆಯ ಮಾತೆಲ್ಲಿ ಬಂತು! ಮೂವತ್ತು ವರ್ಷ ಗದಗ–ಸೊಲ್ಲಾಪುರ ವಸ್ತಿ ಬಸ್ಸಿನ ಕಂಡಕ್ಟರ್ ಆಗಿದ್ದವನು. ಒಂದು ರಾತ್ರಿ ಅಲ್ಲಿ, ಒಂದು ರಾತ್ರಿ ಮನೆಯಲ್ಲಿ. ಈಗ ಆರು ತಿಂಗಳಿಗೆಂದು ಮಗನ ಮನೆಗೆ ಬಂದವನು ಸೋಫಾ ಹಿಡಿದು ಮಲಗಿದ್ದಾನೆ. ಕಸ ತೆಗೆಯುವುದಿಲ್ಲ, ವಾಕಿಂಗ್ ಹೋಗುವುದಿಲ್ಲ. ಮೊಮ್ಮಗಳು ಹಚ್ಚಿಕೊಟ್ಟ ಅನಿಮೆಯೊಂದೇ ಅವನಿಗೆ ಲೋಕ.

ಅದರ ನಾಯಕನೂ ಅಂಥವನೇ. ಒಂದು ಕಾಲಕ್ಕೆ ದೊರೆಯ ಪಕ್ಕದಲ್ಲಿ ಕತ್ತಿ ಹಿಡಿದು ನಿಂತ ಯೋಧ. ಈಗ ಕತ್ತಿಯ ಒರೆಯನ್ನೇ ತಲೆದಿಂಬು ಮಾಡಿಕೊಂಡು ಹಗಲೆಲ್ಲ ಗೊರಕೆ ಹೊಡೆಯುವ ಮೈಗಳ್ಳ. ಅಜ್ಜನದೂ ಅವನದೂ ಸರಿಜೋಡಿ ಎಂದು ಐಶ್ವರ್ಯ ಆಡಿಕೊಳ್ಳುತ್ತಿದ್ದಳು. ಹಾಗಂದರೆ ಅಜ್ಜನಿಗೂ ಖುಷಿಯೇ.

ಅಜ್ಜಿ ಶಾಂತವ್ವನಿಗೆ ಕಣ್ಣಲ್ಲಿ ಪೊರೆ. ಟಿವಿಯೆಂದರೆ ಬರೀ ಬಣ್ಣ ಕಲಸಿದಂತೆ. ಹಾಗಾಗಿ ಊಟವಾದ ಮೇಲೆ ಗಂಡ ಕಥೆ ಹೇಳಬೇಕು, ಅವಳು ಹಿತ್ತಲ ಗಾಜಿನ ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಕೇಳಬೇಕು. ಮಧ್ಯಾಹ್ನ ಒಂದು ಗಳಿಗೆಯಾದರೂ ಅಡ್ಡಾಗು ಅವ್ವ ಎಂದು ಈರೇಶ್ ಹೇಳಿ ಹೇಳಿ ಸೋತಿದ್ದ. ಅವನಿಗೆ ಬುದ್ಧಿ ಬಂದಾಗಿನಿಂದ ಅವಳು ಹಗಲು ಮಲಗಿದ್ದನ್ನು ಕಂಡಿಲ್ಲ.

ಮಗಳ ಕಾಟಕ್ಕೆ ಎದ್ದು ಬಂದು, ಈರೇಶ್ ಅಡುಗೆಮನೆಯ ಕಟ್ಟೆಗೊರಗಿ ನಿಂತು ಕಿವಿಗೊಟ್ಟ.

ಪಂಚಾಕ್ಷರಿ ಹೇಳುತ್ತಿದ್ದ. ಉಂಡ ಸಮುರಾಯ್ ಮೂರು ವರ್ಷದ ಮಗಳನ್ನು ಪಕ್ಕದಲ್ಲಿ ತಟ್ಟಿ ಮಲಗಿಸಿದನಂತೆ. ಹಿಂದಿನ ರಾತ್ರಿಯೆಲ್ಲ ಆ ಕೂಸಿಗೆ ಹೊಟ್ಟೆನೋವು, ಅವನಿಗೂ ನಿದ್ದೆಯಿಲ್ಲ. ಒಂದೇ ಗಳಿಗೆ ಎಂದುಕೊಂಡು ಕಣ್ಣು ಮುಚ್ಚಿದನಂತೆ. ಹುಡುಗಿ ಎದ್ದಳು. ಗುಲಾಬಿ ಬಣ್ಣದ ತಿಕೀಟುಗಳನ್ನು ಮುಷ್ಟಿಯಲ್ಲಿ ಹಿಡಿದು, ದೋಣಿ ಬಿಡಲು ಮನೆ ಹಿಂದಿನ ಹೊಂಡಕ್ಕೆ ಹೋದಳು.

“ಅವನ ಹೇಣ್ತಿ ಎಲ್ಲಿದ್ದಳು?” ಎಂದಳು ಶಾಂತವ್ವ.

“ತವರಿಗೆ ಹೋಗಿದ್ದಳು. ಆಕಿದೇನೂ ತಪ್ಪಿಲ್ಲ.”

“ಇಂಥಾವಗ ಕ್ಷಮಾ ಅನ್ನೂದು ಐತೇನು?”

“ಯಾವಾಗೋ ಸಿಕ್ಕೈತಿ. ಅವನೇ ಒಪ್ಕೊಳ್ಳವಲ್ಲ.”

ಶಾಂತವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. ಈರೇಶನ ನಗು ಆಗಲೇ ಇಳಿದುಹೋಗಿತ್ತು. ಸಮುರಾಯ್‌ಗಳ ಕಾಲದಲ್ಲಿ ಬಸ್ಸಿನ ತಿಕೀಟು ಎಲ್ಲಿತ್ತು?

ಗದಗದ ಮನೆಯ ಗೋಡೆಯ ಮೇಲೆ ಒಂದು ಫೋಟೊ ಇದೆ. ಅವನು ಹುಟ್ಟುವ ಮೊದಲೇ ತೀರಿಹೋದ ಅಕ್ಕ ಸುವರ್ಣಾಳದು. ಕೈಯಲ್ಲಿ ತಿಕೀಟಿನ ಕಟ್ಟು ಹಿಡಿದು ನಗುತ್ತಿದ್ದಾಳೆ. ಚಳಿಜ್ವರದಿಂದ ಹೋದಳೆಂದೇ ಅವನಿಗೆ ಹೇಳಿದ್ದರು. ಆದರೆ ಊರಿನ ಹುಡುಗರೆಲ್ಲ ಬಾವಿಗೆ ಧುಮುಕುತ್ತಿದ್ದಾಗ ಅವನೊಬ್ಬನನ್ನು ಮಾತ್ರ ನೀರಿನ ಹತ್ತಿರಕ್ಕೂ ಬಿಟ್ಟಿರಲಿಲ್ಲ. ಅವ್ವ ಹಗಲು ಕಣ್ಣು ಮುಚ್ಚದ ಕಾರಣವೂ ಈಗ ತಿಳಿಯಿತು. ಇಂಥ ಗಂಡನನ್ನು ನಂಬಿ ಯಾವಳು ಮಲಗಿಯಾಳು?

ಈರೇಶ್ ಟಿವಿ ಆರಿಸಿದ.

“ಸುವರ್ಣಕ್ಕ ಸತ್ತದ್ದು ಹಿಂಗೇನು, ಅಪ್ಪಾ?”

ಪಂಚಾಕ್ಷರಿ ಮೊದಲು ಹೆಂಡತಿಯ ಮುಖ ನೋಡಿದ. ಆಮೇಲೆ ಮಗನದು. “ಹೌದು,” ಎಂದ. “ನಾ ಮಲಗಿದ್ದೆ.”

ಅಷ್ಟೇ. ಅಳಲಿಲ್ಲ, ಸಬೂಬು ಹೇಳಲಿಲ್ಲ. ಅದಕ್ಕೇ ಈರೇಶನ ಸಿಟ್ಟು ನೆತ್ತಿಗೇರಿತು. ಹೆತ್ತ ಮಗಳನ್ನು ನೀರುಪಾಲು ಮಾಡಿ, ಅದನ್ನೇ ಕಥೆ ಕಟ್ಟಿ ಹೆತ್ತವಳ ಎದುರಿಗೆ ದಿನಾ ಹೇಳುತ್ತಾನಲ್ಲ, ಇವನೆಂಥ ಮನುಷ್ಯ? ಬಾಯಿಗೆ ಬಂದಂತೆ ಅಂದ. ಅಪ್ಪನಿಗೆ ಹಿಂದೆಂದೂ ಅನ್ನದ ಮಾತುಗಳನ್ನೂ ಅಂದ. ಅಂದು ಮುಗಿಸಿ ಅವನೇ ಅತ್ತುಬಿಟ್ಟ. ನೋಡೇ ಇರದ ಅಕ್ಕನಿಗಾಗಿ ಎದೆ ಇಷ್ಟು ಉರಿದೀತೆಂದು ಅವನಿಗೆ ಗೊತ್ತಿರಲಿಲ್ಲ.

“ಮುಂದಿನ ವಾರ ನಿನ್ನ ಟಿಕೆಟ್ ಮಾಡಸ್ತೀನಿ. ಒಬ್ಬಾವನೇ ಊರಿಗೆ ಹೋಗು. ಅವ್ವ ಇಲ್ಲೇ ಇರ್ತಾಳ. ಮತ್ತ ನನಗ ಮಾರಿ ತೋರಸಬ್ಯಾಡ.”

ಐವತ್ತೆರಡು ವರ್ಷ ಜೊತೆಗೆ ಬಾಳಿದ ಹೆಂಡತಿಯನ್ನು ಬಿಟ್ಟು ಹೋಗು ಎಂದರೂ ಮುದುಕ ಎದುರಾಡಲಿಲ್ಲ. ಆಗಲಿ ಎಂದು ಮೊಣಕಾಲು ಹಿಡಿದುಕೊಂಡು ಎದ್ದ. ಕೋಣೆಯ ಬಾಗಿಲಲ್ಲಿ ನಿಂತು, ಅಜ್ಜಿಗೆ ಇನ್ನು ಮೇಲೆ ನೀನೇ ಕಥೆ ಹೇಳು, ಒಂದು ದಿನವೂ ತಪ್ಪಿಸಬೇಡ ಎಂದು ಐಶ್ವರ್ಯಳಿಗೆ ಒಪ್ಪಿಸಿದ. ಒಳಗೆ ಸೂಟ್‌ಕೇಸ್ ಎಳೆಯುವ ಸದ್ದಾಯಿತು.

ಶಾಂತವ್ವ ಕುರ್ಚಿ ಬಿಟ್ಟು ಎದ್ದಳು. ತಡವರಿಸುತ್ತ ಬಂದು ಮಗನ ತೋಳು ಹಿಡಿದಳು. ಸಮಾಧಾನ ಮಾಡಲು ಬಂದಳೆಂದು ಈರೇಶ್ ಅವಳನ್ನು ಅಪ್ಪಿಕೊಳ್ಳಹೋದ. ಅವಳು ತಡೆದಳು.

“ಅವತ್ತ ನಿಮ್ಮಪ್ಪ ಡ್ಯೂಟಿ ಮ್ಯಾಲಿದ್ದರು, ಈರೂ. ಮಲಗಿದಾಕಿ ನಾನು.”