ಈ ಸಲ ಆಣೆ ಮಾಡಲ್ಲ ಮಾವ!

ಓದಿದ ಮೇಲೆ ಬೈಯುವುದಾದರೆ ಬೈಯಿರಿ... ಆದರೆ ಅರ್ಧಕ್ಕೇ ತೀರ್ಪು ಕೊಡಬೇಡಿ.

ಹಿರಿಯೂರಿನ ಲಾರಿ ಡ್ರೈವರ್ ಓಬಳೇಶ. ನಿದ್ದೆ ಬರದಿರಲೆಂದು ಯಾರೋ ಕೊಟ್ಟ ಮಾತ್ರೆ ನುಂಗಿದ. ಒಂದು ಟ್ರಿಪ್ಪಿಗೆಂದು ಶುರುವಾದದ್ದು... ಕೊನೆಗೆ ಲಾರಿ ನಿಂತಿದ್ದರೂ ಬೇಕೇ ಬೇಕಾಯಿತು.

ಮಾವ ಪಾಲಯ್ಯ ಎರಡು ಸಲ ಅವನ ಪುಟ್ಟ ಮಗಳು ಇಂಚರಳ ತಲೆ ಮೇಲೆ ಕೈ ಇಡಿಸಿ, ಮಾತ್ರೆ ಮುಟ್ಟಲ್ಲವೆಂದು ಆಣೆ ಮಾಡಿಸಿದ್ದರು. ಎರಡು ಸಲವೂ ಓಬಳೇಶ ತಪ್ಪಿದ.

ಆಮೇಲೆ ಮಗುವಿಗೆ ಜ್ವರ ಬಂತು. "ಅಪ್ಪ ಆಣೆ ತಪ್ಪಿದ್ದಕ್ಕೇ" ಎಂದರು ಜನ. ಅವನೂ ನಂಬಿದ. ಆ ಸಂಕಟ ತಡೆಯಲಾರದೆ ಮತ್ತೊಂದು ಮಾತ್ರೆ ನುಂಗಿದ... ನೋಡಿ, ಎಂಥಾ ಬಲೆ!

ಈಗ ಮೂರನೇ ಸಲ. ಮಾವನ ಮನೆಯ ಪಡಸಾಲೆ ತುಂಬ ನೆಂಟರು. ಹೆಂಡತಿ ರುದ್ರಮ್ಮ ಮಗುವನ್ನು ತಂದು ಅವನ ಮುಂದೆ ನಿಲ್ಲಿಸಿದಳು.

"ಇಡು ಕೈ. ಇಲ್ಲ ಅಂದ್ರೆ ಹೆಂಡ್ತಿ ಮಗು ಇಲ್ಲೇ ಇರ್ತಾರೆ, ನೀನು ಹೊಂಟೋಗು" ಎಂದರು ಮಾವ.

ಇಂಚರ ಅಭ್ಯಾಸವಾದವಳಂತೆ ತಾನೇ ತಲೆ ಬಗ್ಗಿಸಿದಳು...

ಓಬಳೇಶ ಅದನ್ನು ನೋಡಿದ. ಚಾಚಿದ ಕೈ ಹಿಂದಕ್ಕೆಳೆದುಕೊಂಡ.

"ಮಾಡಲ್ಲ ಮಾವ."

"ಏನಂದೆ? ಆಣೆ ಮಾಡಕ್ಕೂ ಯೋಗ್ಯತೆ ಇಲ್ವೇನೋ ನಿಂಗೆ?"

"ನಿನ್ನೆ ಒಬ್ನೇ ದೊಡ್ಡಾಸ್ಪತ್ರೆಗೆ ಹೋಗಿದ್ದೆ. ಡಾಕ್ಟ್ರಮ್ಮ ಹೇಳಿದ್ರು... ಮೆದುಳಲ್ಲಿ ಡೋಪಮೈನ್ ಅಂತ ಒಂದು ರಸ ಐತಂತೆ. ಉಂಡ್ರೆ, ಮಗು ನಕ್ರೆ, ಒಂಚೂರು ಊರ್ತದೆ, ಜೀವಕ್ಕೆ ಹಿತ ಆಗ್ತದೆ. ಈ ಮಾತ್ರೆ ಅದನ್ನ ಕೆರೆ ಏರಿ ಒಡ್ದಂಗೆ ನುಗ್ಗಿಸಿಬಿಡ್ತದೆ. ಮೆದುಳು ತಡೀಲಾರ್ದೆ ತೂಬು ಮುಚ್ಕಂತದೆ. ಆಮೇಲೆ ಇವಳು ನಕ್ರೂ ನಂಗೆ ಏನೂ ಅನ್ಸಲ್ಲ ಮಾವ... ಪ್ರೀತಿ ಇಲ್ದೆ ಅಲ್ಲ!"

ಓಬಳೇಶ ತನ್ನ ಹಣೆ ಮುಟ್ಟಿ ತೋರಿಸಿದ. ಮಾತು ಮುಂದುವರಿಸಿದ.

"ಬ್ಯಾಡ ಅಂತ ತಡೆಯೋ ಭಾಗ ಒಂದೈತಂತೆ, ಹಣೆ ಹಿಂದೆ. ಅದಕ್ಕೂ ಪೆಟ್ಟು ಬಿದ್ದೈತಂತೆ. ಆಣೆ ಕಾಯಬೇಕಾದ್ದೇ ಅದು! ಕಾಲು ಮುರ್ಕಂಡೋನಿಗೆ ಓಡ್ತೀನಿ ಅಂತ ಆಣೆ ಮಾಡು ಅಂತೀರಾ? ಟ್ರೀಟ್‌ಮೆಂಟ್ ತಗಂಡ್ರೆ ನಿಧಾನಕ್ಕೆ ವಾಸಿ ಆಗ್ತದಂತೆ. ಆಸ್ಪತ್ರೆ ಸೇರ್ತೀನಿ. ಆದ್ರೆ ನನ್ನ ಮಗಳ ತಲೆ ಪಣಕ್ಕಿಡಲ್ಲ. ಹೊಂಟೋಗು ಅಂದ್ರೆ ಹೊಂಟೋಗ್ತೀನಿ!"

"ಭಾರಿ ಬುದ್ಧಿವಂತ ಆಗ್ಬಿಟ್ಟ" ಎಂದು ಯಾರೋ ಮೂಗು ಮುರಿದರು.

ರುದ್ರಮ್ಮ ಬಿಕ್ಕುತ್ತಾ ಮಗುವನ್ನು ಎತ್ತಿಕೊಂಡಳು. "ಆಣೆ ಮಾಡ್ಸಿ ಅಂದೋಳು ನಾನೇ ಅಪ್ಪಾ. ಇನ್ನು ಸಾಕು. ಇವ್ರ ಜೊತೆ ಆಸ್ಪತ್ರೆಗೆ ನಾನೂ ಹೋಗ್ತೀನಿ... ಯಾರು ತಡೀತೀರೋ ತಡೀರಿ!"

ಚಿಕಿತ್ಸೆ ಹೂವಿನ ಹಾಸಿಗೆಯಾಗಿರಲಿಲ್ಲ. ನಡುವೆ ಒಮ್ಮೆ ಎಡವಿದ. ಆದರೆ ಮುಚ್ಚಿಡಲಿಲ್ಲ... ಅಂದೇ ಹೆಂಡತಿಗೆ ಹೇಳಿದ. ಇಬ್ಬರೂ ಡಾಕ್ಟರ ಹತ್ತಿರ ಹೋದರು.

ಸುದ್ದಿ ತಿಳಿದ ಮಾವ ಫೋನಿನಲ್ಲಿ ಗುಡುಗಿದರು. "ಮತ್ತೆ ಬಿದ್ಯಂತೆ?"

"ಬಿದ್ದಿದ್ದೆ ಮಾವ. ಎದ್ದೂ ಆಯ್ತು."

ಗುಡುಗು ತಗ್ಗಿತು... ಮಾವ ಮೆಲ್ಲಗೆ ಕೇಳಿದರು.

"ಮುಂದಿನ ಸಲ ಆಸ್ಪತ್ರೆಗೆ ಹೋಗುವಾಗ... ನಾನೂ ಬರ್ಲೇನಪ್ಪಾ?"

*ಚಟಕ್ಕೆ ಸಿಕ್ಕವನಿಂದ ಆಣೆ ಕೇಳಬೇಡಿ, ಅವನ ಜೊತೆ ಆಸ್ಪತ್ರೆಗೆ ನಡೆಯಿರಿ.*

ನಿಮ್ಮವರೊಬ್ಬರು ಹೀಗೆ ಬಿದ್ದಿದ್ದರೆ... ನೀವು ಬೈದು ಕೂರುತ್ತೀರೋ, ಕೈ ಹಿಡಿದು ಹೊರಡುತ್ತೀರೋ?