ಅರ್ಧ ಗಂಟೆಯ ರಿಪೇರಿ

ಆ ಹೆಂಗಸು ಚೌಕಾಸಿ ಮಾಡಲಿಲ್ಲ. ಪ್ಯೋ ಗಿಲ್‌ಸುವಿಗೆ ಅನುಮಾನ ಹುಟ್ಟಿದ್ದೇ ಅಲ್ಲಿಂದ.

ಕೊರಿಯಾದ ಸೋಲ್ ನಗರದ ಗಡಿಯಾರದ ಓಣಿಯಲ್ಲಿ ಹಳೆಯ ವಾಚು ಕೊಳ್ಳಲು ಬಂದವರು ಮೊದಲು ಮೂಗು ಮುರಿಯುತ್ತಾರೆ, ಆಮೇಲೆ ಅರ್ಧ ಬೆಲೆಗೆ ಕೇಳುತ್ತಾರೆ. ಓಣಿಯಲ್ಲಿ ಅಂಗಡಿ ಇಟ್ಟು ಆರು ವರ್ಷವಾದ ಪ್ಯೋ ಬೇರೆ ರೀತಿಯ ಗಿರಾಕಿಯನ್ನು ಕಂಡಿರಲಿಲ್ಲ. ನಲವತ್ತರ ಆಸುಪಾಸಿನ ಈಕೆ, ಬೂದು ಕೋಟಿನವಳು, ಗಂಡಸರ ವಾಚುಗಳ ತಟ್ಟೆಯ ಮುಂದೆ ಕೂತು, "ಇವುಗಳಲ್ಲಿ ಯಾವುದು ಕೆಟ್ಟಿದೆ?" ಎಂದಳು.

"ಕೆಟ್ಟಿದ್ದು ಯಾಕೆ ತಾಯಿ? ಚೆನ್ನಾಗಿ ಓಡೋವೇ ಹನ್ನೆರಡು ಇವೆ."

"ಓಡೋದು ಬೇಡ. ಪೂರ್ತಿ ಹಾಳಾಗಿರೋದೂ ಬೇಡ. ಸಣ್ಣ ರಿಪೇರಿ ಇರ್ಬೇಕು."

ಪ್ಯೋ ಎರಡನ್ನು ತೆಗೆದಿಟ್ಟ. ಒಂದರ ಸೆಕೆಂಡಿನ ಮುಳ್ಳು ಸಡಿಲ. ಇನ್ನೊಂದು ಐವತ್ತು ವರ್ಷದಷ್ಟು ಹಳೆಯದು, ಡಯಲ್ ಕೆನೆಯ ಬಣ್ಣಕ್ಕೆ ತಿರುಗಿತ್ತು. ಕೀಲಿ ಕೊಡಲು ಹೋದರೆ ಗುಂಡಿ ಜಾರುತ್ತಿತ್ತು.

"ಮುಳ್ಳು ಕೂರಿಸೋಕೆ ಎಷ್ಟು ಹೊತ್ತು?"

"ಐದು ನಿಮಿಷ. ನಾನೇ ಬಿಟ್ಟಿ ಮಾಡಿಕೊಡ್ತೀನಿ."

"ಹಾಗಾದ್ರೆ ಅದು ಬೇಡ. ಇದಕ್ಕೆ?"

"ಬಿಚ್ಚಬೇಕು. ಅರ್ಧ ಗಂಟೆಯಾದ್ರೂ ಬೇಕು."

ಆಕೆ ಗಾಜಿನಾಚೆ, ಎದುರಿನ ರಿಪೇರಿ ಕಿಟಕಿಯ ಕಡೆ ನೋಡಿದಳು. "ಅಲ್ಲಿ ವಾಚು ಕೊಟ್ಟು ಹೋಗೋಕೆ ಬಿಡೋದಿಲ್ಲವಂತೆ?"

"ಮೊಕ್ ಅಣ್ಣ ಬಿಡಲ್ಲ. ವಾಚು ತಂದವರು ಎದುರಿಗೇ ಸ್ಟೂಲ್ ಮೇಲೆ ಕೂತಿರ್ಬೇಕು. ಒಳಗಿನ ಸಾಮಾನು ಬದಲಾಯಿಸಿದ್ರು ಅಂತ ನಾಳೆ ಮಾತು ಬರಬಾರ್ದಲ್ಲ."

"ಯಾರು ತಂದ್ರೂ ಮಾಡಿಕೊಡ್ತಾರಾ?"

"ಶತ್ರು ತಂದ್ರೂ ಮಾಡ್ತಾರೆ. ಅವರು ನೋಡೋದು ವಾಚಿನ ಮುಖ, ಮನುಷ್ಯರದ್ದಲ್ಲ."

"ಈಗ ಕೈ ನಡುಗುತ್ತಾ ಅವರಿಗೆ?"

ಜಪಮಣಿ ಎಣಿಸುತ್ತಿದ್ದ ಪ್ಯೋನ ಬೆರಳು ನಿಂತಿತು.

ಕಳೆದ ತಿಂಗಳಷ್ಟೇ ಇನ್ನೊಂದು ಮಾರುಕಟ್ಟೆಗೆ ಟಿವಿಯವರು ಗಿರಾಕಿಗಳ ವೇಷದಲ್ಲಿ ಹೋಗಿದ್ದರು. ಸಣ್ಣ ದೋಷದ ವಾಚು ಕೊಟ್ಟು, ಕೋಟಿನೊಳಗೆ ಕ್ಯಾಮೆರಾ ಇಟ್ಟು, ರಿಪೇರಿಯವರ ಕಳ್ಳಾಟ ಹಿಡಿದಿದ್ದರು. ವಾರದಲ್ಲಿ ಮೂರು ಅಂಗಡಿಗಳ ಬೋರ್ಡು ಇಳಿಯಿತು. ಮೊಕ್ ಕಳ್ಳಾಟದವರಲ್ಲ. ಆದರೆ ಎಪ್ಪತ್ತೊಂದು ವರ್ಷ. ಚಳಿಗೆ ಕೈ ನಡುಗುತ್ತದೆ. ಆ ಕೈಯನ್ನು ನಾಡಿಗೆಲ್ಲ ತೋರಿಸಿದರೆ ಕಿಟಕಿ ಮುಚ್ಚಿದಂತೆಯೇ. ಆ ಮನುಷ್ಯನಿಗೆ ಕಿಟಕಿ ಬಿಟ್ಟು ಬೇರೇನೂ ಇರಲಿಲ್ಲ. ಮನೆಯ ಮಾತೆತ್ತಿದರೆ ಸಾಕು, ಭೂತಗನ್ನಡಿಯನ್ನು ಕಣ್ಣಿಗೆ ಸಿಕ್ಕಿಸಿಕೊಂಡು ಬಾಗಿಬಿಡುತ್ತಿದ್ದರು.

"ಈ ವಾಚು ತಗೋಬೇಡಿ ತಾಯಿ," ಎಂದ ಪ್ಯೋ. "ಪದೇ ಪದೇ ಕೆಡೋ ಜಾತಿ ಇದು."

ಆಕೆ ಅದನ್ನು ಕಿವಿಗೆ ಹಿಡಿದಳು. "ಪದೇ ಪದೇನಾ?"

"ಹೂಂ. ರಿಪೇರಿಯವನ ಬಾಗಿಲು ಸವೆದುಹೋಗುತ್ತೆ."

ಆಕೆ ವಾಚನ್ನು ಕೆಳಗಿಟ್ಟಳು. ಬಾಗಿಲವರೆಗೆ ಹೋದಳು, ನಿಂತಳು, ಮರಳಿ ಬಂದಳು. ಮತ್ತೆ ಹೋದಳು. ಬುದ್ಧ ದೇವರೇ, ಹೀಗೇ ಹೋಗಿಬಿಡಲಿ ಎಂದು ಪ್ಯೋ ಬೇಡಿಕೊಂಡ. ಆಕೆ ತಿರುಗಿ ಬಂದು ಚೀಟಿಯಲ್ಲಿದ್ದ ಬೆಲೆಯನ್ನು ಹಾಗೆಯೇ ಮೇಜಿನ ಮೇಲಿಟ್ಟಳು.

"ಇದೇ ಇರಲಿ."

ಆಕೆ ಓಣಿ ದಾಟುವ ಮೊದಲೇ ಪ್ಯೋ ಫೋನು ಮಾಡಿದ. "ಅಣ್ಣಾ, ಟಿವಿಯವಳು ಬರ್ತಿದಾಳೆ. ಬೂದು ಕೋಟು. ಕೈಯನ್ನ ಮೇಜಿಗೆ ಒತ್ತಿಟ್ಕೊಂಡು ಕೆಲಸ ಮಾಡಿ."

"ನನ್ನ ಮುಖಕ್ಕೆ ಟಿವಿ ಬೇರೆ ಕೇಡು," ಎಂದು ಮೊಕ್ ಫೋನು ಇಟ್ಟರು.

ಪ್ಯೋ ಗಾಜಿನ ಹಿಂದೆ ನಿಂತು ನೋಡಿದ. ಆಕೆ ವಾಚನ್ನು ಮುಂದಿಟ್ಟಳು. ಮೊಕ್ ಅದನ್ನು ತಿರುಗಿಸಿ ನೋಡಿದರು. ಒಮ್ಮೆ ತಲೆಯೆತ್ತಿದರು. ಕೂಡಲೇ ಭೂತಗನ್ನಡಿ ಸಿಕ್ಕಿಸಿಕೊಂಡರು. ಆಕೆ ಸ್ಟೂಲಿನ ಮೇಲೆ ಕೂತಳು.

ಅರ್ಧ ಗಂಟೆಯಾಯಿತು. ಒಂದು ಗಂಟೆಯಾಯಿತು. ನಡುವೆ ಮೊಕ್ ಎದ್ದು ಬಾರ್ಲಿ ಚಹಾ ಕಾಯಿಸಿ ಎರಡು ಬಟ್ಟಲಿಗೆ ಸುರಿದರು. ಪ್ಯೋ ಹಣೆ ಚಚ್ಚಿಕೊಂಡ. ಇದನ್ನೇ ಲಂಚವೆಂದು ತೋರಿಸಿಬಿಟ್ಟರೆ?

ಒಂದೂವರೆ ಗಂಟೆಯಾದ ಮೇಲೆ ಆಕೆ ಎದ್ದಳು. ಸೊಂಟ ಬಗ್ಗಿಸಿ ವಂದಿಸಿದಳು. ಹೊರಟುಹೋದಳು.

ಪ್ಯೋ ಎದುರಿನ ಕಿಟಕಿಗೆ ಓಡಿದ. "ಏನು ಕೇಳಿದ್ಲು ಅಣ್ಣಾ?"

"ಏನೂ ಕೇಳ್ಲಿಲ್ಲ."

"ನೀವೇನಂದ್ರಿ?"

"ಚಹಾ ಆರುತ್ತೆ ಅಂದೆ."

"ಅಷ್ಟಕ್ಕೆ ಒಂದೂವರೆ ಗಂಟೆ? ಅದೂ ಟಿವಿಯವಳ ಎದುರಿಗೆ?"

ಮೊಕ್ ಭೂತಗನ್ನಡಿ ತೆಗೆದರು. ಕಣ್ಣು ಕೆಂಪಗಿತ್ತು.

"ಟಿವಿಯವಳಲ್ಲ ಕಣೋ. ನನ್ನ ಮಗಳು. ನಾನು ಬೇಡ ಅಂದವನನ್ನ ಕಟ್ಕೊಂಡು ಹೋಗಿ ಹನ್ನೊಂದು ವರ್ಷ ಆಯ್ತು. ಮನೆಗೆ ಬಂದ್ರೆ ಬಾಗಿಲು ತೆಗೆಯಲ್ಲ ಅಂದಿದ್ದೆ. ಅಂಗಡಿ ವಿಷಯ ಏನೂ ಹೇಳಿರ್ಲಿಲ್ಲ."

ಪ್ಯೋ ಆ ಸ್ಟೂಲಿನ ಮೇಲೆಯೇ ಕೂತ. "ವಾಚು ಸರಿಹೋಯ್ತಾ?" ಎಂದ.

"ಗುಂಡಿ ಸರಿ ಮಾಡಿದೆ," ಎಂದರು ಮೊಕ್, ಬಟ್ಟಲು ತೊಳೆಯುತ್ತ. "ಒಳಗೆ ಒಂದು ತಿರುಪು ಸಡಿಲ ಬಿಟ್ಟಿದೀನಿ. ಹೆಚ್ಚು ಅಂದ್ರೆ ಹತ್ತು ದಿನ ಓಡುತ್ತೆ."