ಹೋಗಿ ಬರ್ರಿ

ಕಂಪ್ಯೂಟರ್ ರೀಸ್ಟಾರ್ಟ್ ಮಾಡಲು ಕಂಟ್ರೋಲ್, ಆಲ್ಟ್, ಡಿಲೀಟ್ ಒತ್ತಿದಾಗ ಇಂದಿಗೂ ನನಗೆ ಆದೋನಿಯ ಹತ್ತಿಕಾಳಿನ ವಾಸನೆ ಬರುತ್ತದೆ.

ತೀರಿಹೋಗಿದ್ದ ಅಜ್ಜನ ವರ್ಷದ ಪೂಜೆಗೆ ಅವನ ಒಂದೇ ಒಂದು ಫೋಟೊವನ್ನು ದೊಡ್ಡದು ಮಾಡಿಸಲು ಅಜ್ಜಿ ನನ್ನನ್ನೂ ಕರೆದುಕೊಂಡು ನಮ್ಮೂರು ಕೌತಾಳಂನಿಂದ ಆದೋನಿಗೆ ಬಂದಿದ್ದಳು. ಹತ್ತಿ ಮಿಲ್ಲಿನ ಪಕ್ಕದ ಸ್ಟುಡಿಯೊದಲ್ಲಿ ಅಜ್ಜನ ಮುಖ ಪರದೆ ತುಂಬಿತು. ಅಷ್ಟರಲ್ಲಿ ಮೌಸ್ ಅಲುಗದಾಯಿತು.

"ಸಿಸ್ಟಮ್ ಹ್ಯಾಂಗ್ ಆಗೈತವ್ವ. ಈ ಮೂರು ಕೀ ಒತ್ತಿ ರೀಸ್ಟಾರ್ಟ್ ಮಾಡ್ತೀನಿ," ಎಂದಳು ಸ್ಟುಡಿಯೊದ ಅಕ್ಕ.

"ಮಾರಿ ಹೋಗತೈತೇನು?" ಪರದೆಯ ಮೇಲಿನ ಮುಖ ತೋರಿಸಿ ಅಜ್ಜಿ ಕೇಳಿದಳು.

"ಹೋಗಿ ತಿರುಗಿ ಬರತೈತಿ."

ಅಜ್ಜಿ ಪರದೆಯತ್ತ ಬಗ್ಗಿ ಮೆಲ್ಲಗೆ, "ಹೋಗಿ ಬರ್ರಿ," ಎಂದಳು.

ಪರದೆ ಕಪ್ಪಾಯಿತು. ಕೊನೆಗೆ ಅಕ್ಕ ಫೋಟೊ ಮತ್ತೆ ತೆರೆದಳು. ಅಜ್ಜ ಕುರಿ ಮೇಯಿಸಿ ಬಾಗಿಲಿಗೆ ಬಂದಾಗಲೆಲ್ಲ ಏಳುತ್ತಿದ್ದ ಹಾಗೆಯೇ ಅಜ್ಜಿ ಕುರ್ಚಿ ಬಿಟ್ಟೆದ್ದು, ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು.